ಯೆಜ್ಡಿ ಮಹಾತ್ಮೆ

ಮೈಸೂರಿನ ಯಾದವಗಿರಿಯಲ್ಲಿ ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತೆಂದು ಲೋಕ ನಂಬಿದೆ. ಅದರದೊಂದು ಶಾಖೆ ನಮ್ಮ ಅಕ್ಕನ ಅಡುಗೆಮನೆಯಲ್ಲಿ ಇಂದಿಗೂ ಅವ್ಯಾಹತವಾಗಿ ನಡೆಯುತ್ತಿದೆ. ಇದರ ಸಮಸ್ತ ಶ್ರೇಯಸ್ಸೂ ಪೂಜ್ಯ ಭಾವನವರಿಗೇ ಸಲ್ಲತಕ್ಕದ್ದು.

ಒಂಬತ್ತು ವರ್ಷದ ಹಿಂದೆ ಗುಜರಿಯಿಂದ ಯೆಜ್ಡಿಯೊಂದನ್ನು ಉದ್ಧರಿಸಿ ತಂದ ಕ್ಷಣದಲ್ಲೇ, "ಇದು ನನ್ನೊಬ್ಬನದಲ್ಲ, ಮನೆಮಂದಿಯೆಲ್ಲರದು" ಎಂದು ಸಾರಿದ ಆ ಉದಾರಿ, ಕೊಟ್ಟ ಮಾತಿಗೆ ಎಳ್ಳಷ್ಟೂ ತಪ್ಪದೆ ಅಕ್ಕನ ಚೀಟಿಯ ಹಣವನ್ನೂ, ಹೋದ ವರ್ಷ ಮಗಳ ಸ್ಕೂಟರ್ ಮಾರಿ ಬಂದದ್ದನ್ನೂ ಅದಕ್ಕೇ ಧಾರೆಯೆರೆದು, ತಮ್ಮ ಸಂಬಳವನ್ನು ಮಾತ್ರ ಮುಟ್ಟದೆ ಅಪೂರ್ವ ಸಂಯಮ ಮೆರೆದರು. ಮಗಳೀಗ ಎರಡು ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಲೋಕಾನುಭವ ಗಳಿಸುತ್ತಾ ಕಾಲೇಜು ಸೇರುತ್ತಾಳೆ.

ಕೆಲಸ ಹಂಚುವುದರಲ್ಲಿ ಅವರ ಧರ್ಮಬುದ್ಧಿಗೆ ಸಾಟಿಯಿಲ್ಲ. ಮಗ ತುಕ್ಕು ಉಜ್ಜುತ್ತಾನೆ, ಮಗಳು ಟಾರ್ಚ್ ಹಿಡಿಯುತ್ತಾಳೆ, ಅಕ್ಕ ಗ್ರೀಸಿನ ಬಟ್ಟೆ ಒಗೆಯುತ್ತಾಳೆ. ಎಲ್ಲಕ್ಕಿಂತ ಭಾರವಾದ "ಹಾಗಲ್ಲ, ಹೀಗೆ" ಎನ್ನುವ ಹೊಣೆಯನ್ನು ಭಾವನವರೊಬ್ಬರೇ ಬೆತ್ತದ ಕುರ್ಚಿಯಲ್ಲಿ ಕೂತು ಹೊರುತ್ತಾರೆ. ಟಾರ್ಚಿನ ಬೆಳಕು ಒಂದಂಗುಲ ಅತ್ತಿತ್ತಾದರೆ, ಮಗಳ ಭವಿಷ್ಯವನ್ನೇ ಕುರಿತು ಅರ್ಧ ಗಂಟೆ ಉಪದೇಶಿಸುವಷ್ಟು ಪುತ್ರೀವಾತ್ಸಲ್ಯ ಅವರದು.

ಕಾರ್ಬೊರೇಟರ್ ಶುದ್ಧಿಯಾದದ್ದು ಇಡ್ಲಿ ಪಾತ್ರೆಯಲ್ಲಿ. ಅಂದಿನಿಂದ ಆ ಮನೆಯ ಇಡ್ಲಿಗೆ ಪೆಟ್ರೋಲ್ ಬಂಕಿನ ದಿವ್ಯ ಪರಿಮಳ. ಸಾಸಿವೆ ಡಬ್ಬಿಗೂ ನಟ್ಟಿನ ಡಬ್ಬಿಗೂ ಅವರು ಭೇದವೆಣಿಸಿದವರಲ್ಲವಾದ್ದರಿಂದ, ಒಗ್ಗರಣೆ ಹಾಕುವಾಗ ಅಕ್ಕನ ಏಕಾಗ್ರತೆ ಯೋಗಿಗಳಿಗೂ ಮಾದರಿಯಾಗಿದೆ. ಇನ್ನು ನೆಂಟರು ಬಂದರಂತೂ ಜ್ಞಾನಯಜ್ಞ. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್ ಎಂಬ ಒಂದು ಸಾಲಿನ ಸತ್ಯವನ್ನು ಒಂದೂವರೆ ಗಂಟೆಗೆ ಹಿಗ್ಗಿಸಿ, ಆರಿದ ಕಾಫಿಯನ್ನು ಮೂರು ಸಲ ಬಿಸಿ ಮಾಡುವ ಪುಣ್ಯವನ್ನೂ ಅಕ್ಕನಿಗೇ ಬಿಟ್ಟುಕೊಡುತ್ತಾರೆ.

ಅವಸರವೆಂಬ ದುರ್ಗುಣ ಭಾವನವರ ಬಳಿ ಸುಳಿದದ್ದಿಲ್ಲ. ಕಡ್ಡಿ ಬಿಗಿಸಲು ಹೋದ ಚಕ್ರಗಳು ನಾಲ್ಕು ವರ್ಷವಾದರೂ ಮರಳಿಲ್ಲ. ಗಾಡಿ ಇಟ್ಟಿಗೆಗಳ ಮೇಲೆ ಪದ್ಮಾಸನ ಹಾಕಿದೆ. ಆದರೂ ಪ್ರತಿ ಆಯುಧಪೂಜೆಗೆ ಅದಕ್ಕೆ ಚೆಂಡುಹೂವಿನ ಹಾರ, ಕುಂಕುಮ, ಬೂದುಗುಂಬಳ ಎಲ್ಲವೂ ಸಾಂಗವಾಗಿ ಸಲ್ಲುತ್ತವೆ. ಚಕ್ರ ಇರಬೇಕಾಗಿದ್ದ ಜಾಗದಲ್ಲಿ ಎರಡು ನಿಂಬೆಹಣ್ಣನ್ನೂ ತಪ್ಪದೆ ಇಡುತ್ತಾರೆ. ಬೇರೆ ಮನೆಗಳಲ್ಲಿ ಗಾಡಿ ಹರಿದು ಅಪ್ಪಚ್ಚಿಯಾಗುವ ಹಣ್ಣು ಇಲ್ಲಿ ಒಂದು ಗೀರೂ ಬೀಳದೆ ಉಳಿದು, ಮರುದಿನ ಚಿತ್ರಾನ್ನಕ್ಕೆ ಒದಗುತ್ತದೆ. ಒಂಬತ್ತು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ದಂಡವಿಲ್ಲ, ಹೊಗೆಯ ಸುಳಿವಿಲ್ಲ. ಇಷ್ಟು ಸಾತ್ವಿಕವಾದ ವಾಹನವನ್ನು ನಾನಂತೂ ಕಂಡಿಲ್ಲ.

ಪಾಪ, ಅದು ಒಂಟಿಯಾಗಬಾರದೆಂದು ಮೊನ್ನೆ ಭಾವನವರು ಹಳೆಯ ಜಾವಾ ಒಂದನ್ನು ನೋಡಿಬಂದರು. ಸುದ್ದಿ ಕೇಳಿದ ಅಕ್ಕ ಮಾತೇ ಹೊರಡದೆ ತನ್ನ ಕೈಯ ಬಳೆಗಳನ್ನೇ ನೋಡಿಕೊಂಡಳು. ಆನಂದಕ್ಕೇ ಇರಬೇಕು.