ಸೂಜಿಮೊನೆಯ ಸಂಸಾರ

ಏರ್‌ಬ್ರಷ್ ಕೊಂಡವನ ಮುಖ್ಯ ಕಸುಬು ತೊಳೆಯುವುದು. ಬಿಡುವಾದಾಗ ಬಣ್ಣವನ್ನೂ ಹೊಡೆಯಬಹುದು. ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಾಪ, ಅವರ ವ್ಯಾಪಾರವೂ ನಡೆಯಬೇಕಲ್ಲ!

ನನಗೆ ಈ ಗೀಳು ಹತ್ತಿಸಿದ್ದು ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೂತು ರೂಪಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಯುದ್ಧವಿಮಾನ. ಅದರ ಮಾದರಿಯನ್ನು 1/72 ಅಳತೆಯಲ್ಲಿ ಮಾಡಹೊರಟರೆ ಒಂಬತ್ತು ಮೀಟರ್ ರೆಕ್ಕೆ ಹನ್ನೆರಡೂವರೆ ಸೆಂಟಿಮೀಟರ್‌ಗೆ ಇಳಿಯುತ್ತದೆ. ಅದರ ಜೊತೆಗೆ ಮರೆಬಣ್ಣದ ಅಂಚೂ ಇಳಿಯಬೇಕು. ನಿಜವಾದ ವಿಮಾನದಲ್ಲಿ ಐದು ಸೆಂಟಿಮೀಟರ್ ಅಗಲಕ್ಕೆ ಮಸುಕಾಗಿ ಬೆರೆಯುವ ಎರಡು ಬಣ್ಣ ಇಲ್ಲಿ 0.7 ಮಿಲಿಮೀಟರ್‌ನಲ್ಲೇ ಬೆರೆತು ಮುಗಿಯಬೇಕು. ಕುಂಚ ಹಿಡಿದು ಕೂತರೆ ಕಣ್ಣು ಹೋಗುತ್ತದೆ, ಅಂಚು ಮಾತ್ರ ಬರುವುದಿಲ್ಲ.

ಸರಿ, ಬಣ್ಣವನ್ನು ಗಾಳಿಯಲ್ಲಿ ಊದುವ ಏರ್‌ಬ್ರಷ್ಷೇ ಬೇಕು. ಯಾವುದನ್ನು ಕೊಳ್ಳುವುದು? ಎಲ್ಲ ಇರುವುದು ನಾಝಲ್‌ನ ತೂತಿನಲ್ಲಿ. 0.2 ಮಿಲಿಮೀಟರ್‌ನದು ಮಹಾ ಮಡಿಯದು. ಬಣ್ಣದಲ್ಲಿ ಒಂದು ಕಣ ಕಂಡರೂ ಊಟ ಬಿಟ್ಟು ಏಳುತ್ತದೆ. 0.5 ಧಾರಾಳಿ, ಪ್ರೈಮರ್, ವಾರ್ನಿಷ್ ಏನು ಕೊಟ್ಟರೂ ಸೈ, ಆದರೆ ಗೆರೆ ಎಳೆ ಅಂದರೆ ಪಟ್ಟಿ ಎಳೆಯುತ್ತದೆ. ಸಂಸಾರಸ್ಥರಿಗೆ 0.3 ವಾಸಿ. ಬಟ್ಟಲು ಮೇಲೇ ಇರಲಿ, ಬಣ್ಣ ತಾನಾಗಿ ಇಳಿಯುತ್ತದೆ. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ ಬರುವ ಡಬಲ್ ಆಕ್ಷನ್ ಇರಲಿ. ಕಂಪ್ರೆಸರ್‌ಗೆ ಟ್ಯಾಂಕ್ ಇರಲಿ, ಇಲ್ಲದಿದ್ದರೆ ಗಾಳಿ ಬಿಕ್ಕಳಿಸುತ್ತದೆ. ಇವಾಟಾ ಕೊಳ್ಳಿ, ಹಾರ್ಡರ್ ಅಂಡ್ ಸ್ಟೀನ್‌ಬೆಕ್ ಕೊಳ್ಳಿ, ಹೆಸರಿಲ್ಲದ್ದನ್ನೇ ಕೊಳ್ಳಿ. ದುಡ್ಡು ಎಣಿಸುವ ಮುಂಚೆ ಬಿಡಿ ನಾಝಲ್ ಸಿಗುತ್ತದೆಯೇ ಎಂದು ಕೇಳಿ.

ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಬೇಕು ಅನ್ನುತ್ತಾರೆ ಬಲ್ಲವರು. ಯಾವ ಹಾಲು ಸ್ವಾಮಿ? ನಂದಿನಿಯ ನೀಲಿ ಪ್ಯಾಕೆಟ್ಟೋ, ಹಿಂದೆ ನಮ್ಮ ಬೀದಿಗೆ ಬರುತ್ತಿದ್ದ, ಮೊದಲೇ ತಿನ್ನರ್ ಬೆರೆಸಿದಂತಿದ್ದ ಹಾಲೋ? ಅನುಭವದಿಂದ ಹೇಳುತ್ತೇನೆ, ಎರಡನೆಯದೇ. ಪ್ರೆಶರ್ 15ರಿಂದ 20 ಪಿಎಸ್‌ಐ ಸಾಕು. ಮಾರ್ಚ್‌ನ ಒಣಹವೆಯಲ್ಲಿ ಅಕ್ರಿಲಿಕ್ ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಕೂರುತ್ತದೆ. ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯ ಜೊತೆ ನೀರನ್ನೂ ಕೊಡುತ್ತದೆ. ಪೈಪಿನ ನಡುವೆ ನೀರು ಹಿಡಿಯುವ ಬಟ್ಟಲಿಲ್ಲದಿದ್ದರೆ ರೆಕ್ಕೆಯ ಮೇಲೆ ತುಂತುರು.

ಇನ್ನು ತೊಳೆಯುವ ಕಾಂಡ. ಬಟ್ಟಲು ಖಾಲಿ ಮಾಡಿ, ತಿನ್ನರ್ ಹಾಕಿ, ತಿಳಿಯಾಗಿ ಬರುವವರೆಗೂ ಊದಬೇಕು. ಹಿಂದಿನ ತಿರುಪು ಸಡಿಲಿಸಿ ಸೂಜಿ ಹೊರಗೆಳೆದು, ತುದಿಯ ಕಡೆಗೇ ಒರೆಸಬೇಕು. ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಜಾರಿದರೆ ಕ್ಷೇಮ, ಕೆರೆದರೆ ಮೊನೆ ಬಾಗಿದೆ, ಗೆರೆ ಒಂದು ಕಡೆಗೆ ವಾಲುವುದು ಅದಕ್ಕೇ. ಬಟ್ಟಲಲ್ಲಿ ತಾನಾಗಿ ಗುಳ್ಳೆ ಏಳುತ್ತಿದ್ದರೆ ನಾಝಲ್ ಕಟ್ಟಿಕೊಂಡಿದೆ, ಸಡಿಲವಾಗಿದೆ, ಇಲ್ಲವೇ ಸೀಳಿದೆ. ಉಗುರಿನಷ್ಟೂ ಇಲ್ಲದ ಆ ನಾಝಲ್ ಬಿಚ್ಚುವ ಮೊದಲು ಸಿಂಕಿನ ತೂತು ಮುಚ್ಚುವುದು ನಮ್ಮ ಮನೆಯ ಕಾನೂನು. ಹಲ್ಲಿನ ಸಂದಿ ಉಜ್ಜುವ ಪುಟ್ಟ ಬ್ರಷ್ಷುಗಳು ನಾಝಲ್ ತೊಳೆಯಲು ಬಲು ಚೆನ್ನ. ನನ್ನ ಹಲ್ಲಿಗೆ ಸಿಗದ ಭಾಗ್ಯ ಅದಕ್ಕೆ ಸಿಕ್ಕಿದೆ ಎಂಬುದು ಹೆಂಡತಿಯ ದೂರು.

ಕಳೆದ ಆಯುಧಪೂಜೆಯಲ್ಲಿ ಅಮ್ಮ ಸ್ಕೂಟರ್, ಮಿಕ್ಸಿ, ಈಳಿಗೆಮಣೆಗಳ ಜೊತೆ ಏರ್‌ಬ್ರಷ್ಷಿಗೂ ಕುಂಕುಮ ಇಟ್ಟಳು, ಅದೂ ಮೂತಿಗೇ ಸರಿಯಾಗಿ. ತಾಮ್ರದ ಚೆಂಬಿಗಾದರೆ ಹುಣಿಸೆಹಣ್ಣು ಹಾಕಿ ತಿಕ್ಕಬಹುದು, 0.3 ಮಿಲಿಮೀಟರ್ ತೂತಿಗೆ ಹೊಕ್ಕ ಕುಂಕುಮವನ್ನು ದೇವರೇ ತೆಗೆಯಬೇಕು. ಇನ್ನು ಮೇಲೆ ಕಂಪ್ರೆಸರ್‌ಗೆ ಮಾತ್ರ ಕುಂಕುಮ ಎಂದು ರಾಜಿಯಾಗಿದೆ. ರಾಜಿಗೆ ಬದಲಾಗಿ ಅವಳದೂ ಒಂದು ಬೇಡಿಕೆ: "ಹೇಗೂ ಮಿಷನ್ ಇದೆಯಲ್ಲೋ, ಕಿಟಕಿ ಗ್ರಿಲ್‌ಗೂ ಒಂದ್ ಕೋಟ್ ಹೊಡೆದ್ಬಿಡು."

"ಅಮ್ಮಾ, ಇದರಲ್ಲಿ ಹೊಡೀತಾ ಕೂತ್ರೆ ಮುಂದಿನ ಆಯುಧಪೂಜೆ ಬರುತ್ತೆ" ಅಂದೆ.

"ಅದಕ್ಕೇ ಹೇಳಿದ್ದು, ಇವತ್ತೇ ಶುರು ಮಾಡು" ಅಂದಳು.