ಥೀಮಾಧಿಕರಣ: ಹೆಣ್ಣುಶಿಶುವಿನ ಪ್ರಥಮ ವರ್ಧಂತಿಯ ಮೀಮಾಂಸೆ

ವಿದ್ವಲ್ಲೋಕದ ಅಕ್ಷಮ್ಯ ಅನಾದರಕ್ಕೆ ಗುರಿಯಾಗಿ, ಈವೆಂಟ್ ಮ್ಯಾನೇಜರುಗಳ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮಾತ್ರ ಚದುರಿ ಬಿದ್ದಿರುವ ಒಂದು ಜ್ಞಾನಶಾಖೆಯನ್ನು ಶಾಸ್ತ್ರೀಯ ನೆಲೆಗಟ್ಟಿನಲ್ಲಿ, ಅಂತರ್‌ಶಿಸ್ತೀಯ ತಾತ್ವಿಕ ಚೌಕಟ್ಟಿನೊಳಗೆ, ಬಹುಮುಖಿ ಆಯಾಮಗಳ ಬೆಳಕಿನಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಆ ಶಾಖೆ ಯಾವುದೆಂದರೆ, ವರ್ಷ ತುಂಬಿದ ಹೆಣ್ಣುಮಗುವಿನ ಹುಟ್ಟುಹಬ್ಬಕ್ಕೆ ಥೀಮ್ ಆರಿಸುವುದು. ಅಧ್ಯಯನದ ವ್ಯಾಪ್ತಿ: ಬೆಂಗಳೂರಿನ ಪಾರ್ಟಿ ಹಾಲುಗಳು, ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸುಗಳು, ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಖಾಲಿ ಬಿದ್ದಿರುವ ಕಲ್ಯಾಣಮಂಟಪಗಳು. ಮೈಸೂರು, ದಾವಣಗೆರೆ, ಹುಬ್ಬಳ್ಳಿಗಳು ಇದೇ ಹಾದಿಯಲ್ಲಿ ಬಿರುಸಿನಿಂದ ಬರುತ್ತಿರುವುದರಿಂದ ಅವನ್ನು ಪ್ರತ್ಯೇಕವಾಗಿ ಪರಿಗಣಿಸಿಲ್ಲ. ಅಧ್ಯಯನದ ಮಿತಿ: ಧ್ವನಿವರ್ಧಕದ ಮುಂದೆ ಯಾರ ಮಾತೂ ಕೇಳಿಸದು. ವಿಧಾನ: ಪೂರ್ವಮೀಮಾಂಸಕರ ಅಧಿಕರಣ ಕ್ರಮ; ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳು. ವಿಷಯ ಹೇಳಿಯಾಯಿತು. ಸಂಶಯವೆಂದರೆ, ಈ ಕರ್ಮದ ಯಜಮಾನ ಯಾರು? ಜೈಮಿನಿ ತನ್ನ ಸೂತ್ರಗಳ ಆರನೆಯ ಅಧ್ಯಾಯವನ್ನು ಅಧಿಕಾರ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಫಲವನ್ನು ಯಾರು ಬಯಸುತ್ತಾರೋ, ಅದು ಯಾರಿಗೆ ತಲುಪುತ್ತದೋ ಅವರದೇ ಅಧಿಕಾರ ಎಂಬುದು ಅಲ್ಲಿನ ತಿರುಳು. ಬ್ಯಾನರಿನ ಮೇಲೇನೋ ಮಗುವಿನ ಹೆಸರಿದೆ. ಹಾಗಾದರೆ ಮಗುವೇ ಯಜಮಾನಿಯೋ, ಅಥವಾ ಆಹ್ವಾನಿತ ದೇವತೆಯೋ? ಯಾಗಶಾಲೆಯಲ್ಲಿ ಮೀಯಿಸಿ, ಸಿಂಗರಿಸಿ, ಕರೆತಂದು ಕಂಬದ ಪಕ್ಕ ನಿಲ್ಲಿಸುವ ಮೂರನೆಯ ಜೀವಿಯೊಂದೂ ಇರುತ್ತದೆ. ಆ ವಿಕಲ್ಪವನ್ನು ಸದ್ಯಕ್ಕೆ ಬದಿಗಿಡೋಣ.

ಥೀಮುಗಳು ಮೂಲತಃ ಪಂಚವಿಧ: ಹಿಮಜ, ವನಜ, ಜಲಜ, ಖಜ, ಜಾನಪದಾಭಾಸ. ಹಿಮಜಕ್ಕೆ ಆಕರ 2013ರ ‘ಫ್ರೋಜನ್’ ಚಲನಚಿತ್ರ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಥರ್ಮೋಕೋಲಿನ ಮಂಜು ಸುರಿದು, ನೀಲಿ ಬೆಳಕು ಹಾಯಿಸಿ, ಮಗುವಿಗೆ ಎಲ್ಸಾಳ ಉದ್ದ ಗೌನು ತೊಡಿಸುವುದು ಇದರ ಲಕ್ಷಣ. ಪಠ್ಯವನ್ನು ಗಮನವಿಟ್ಟು ಓದಿದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಎಲ್ಸಾ ತನ್ನ ಕೈಯ ಮಂಜಿನ ಮಾಯೆಯಿಂದ ತಂಗಿಗೆ ಅಪಾಯವಾದೀತೆಂದು ಬಾಲ್ಯವನ್ನೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಕಳೆದವಳು. ಪಟ್ಟಾಭಿಷೇಕದ ಔತಣದಲ್ಲಿ ಗುಟ್ಟು ರಟ್ಟಾಗಿ ಬೆಟ್ಟಕ್ಕೆ ಓಡಿಹೋಗಿ, ಅಲ್ಲಿ ಒಂಟಿಯಾಗಿ ಮಂಜಿನ ಅರಮನೆ ಕಟ್ಟಿಕೊಂಡವಳು. ಔತಣದಿಂದ ಓಡಿಹೋದವಳ ಚಿತ್ರವನ್ನು ನಾನೂರು ಜನರ ಔತಣಕ್ಕೆ ಹಿನ್ನೆಲೆಯಾಗಿ ಕಟ್ಟುತ್ತಾರೆ. ವೇದಿಕೆಯ ಮೇಲಿನ ಮುಖಗಳನ್ನು ಗಮನಿಸಿದರೆ ಪಠ್ಯವನ್ನು ಸರಿಯಾಗಿ ಅರ್ಥ ಮಾಡಿಕೊಂಡವಳು ಮಗುವೊಬ್ಬಳೇ. ಇನ್ನು ‘ರಾಜಕುಮಾರಿ’ ಎಂಬ ಸರ್ವಸಾಧಾರಣ ಉಪಪ್ರಭೇದದ ಬಗ್ಗೆ ಹೇಳುವುದಾದರೆ, 1812ರಲ್ಲಿ ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ನಿದ್ರಾಸುಂದರಿಯ ಕಥೆ ನಮ್ಮ ಶಾಸ್ತ್ರದ ಮೂಲಪಠ್ಯವಾಗಲು ಯೋಗ್ಯವಾದದ್ದು. ಮಗಳು ಹುಟ್ಟಿದ ಸಂತೋಷಕ್ಕೆ ಊಟ ಹಾಕಿಸಿದ ರಾಜನ ಹತ್ತಿರ ಹನ್ನೆರಡೇ ಚಿನ್ನದ ತಟ್ಟೆಗಳಿದ್ದವು, ರಾಜ್ಯದಲ್ಲಿ ಮಂತ್ರಶಕ್ತಿಯ ಹೆಂಗಸರು ಹದಿಮೂರು ಮಂದಿ. ಕರೆಯದೆ ಬಿಟ್ಟ ಹದಿಮೂರನೆಯವಳು ಬಂದು ಶಾಪ ಕೊಟ್ಟಳು. ಕೇಟರಿಂಗ್ ತಟ್ಟೆಯ ಲೆಕ್ಕ ತಪ್ಪಿದ್ದರ ಫಲವನ್ನು ಮಗು ಉಂಡ ಈ ಪ್ರಸಂಗವನ್ನು ಬಲ್ಲವರು, ವಾಟ್ಸ್‌ಆ್ಯಪಿನಲ್ಲಷ್ಟೇ ಕರೆಸಿಕೊಂಡು, ಮನೆಗೆ ಬಂದು ಕುಂಕುಮವಿಟ್ಟು ಕರೆಯಲಿಲ್ಲವೆಂದು ಮುಖ ಊದಿಸಿಕೊಂಡ ಸೋದರತ್ತೆಯನ್ನು ಹಗುರವಾಗಿ ಕಾಣಲಾರರು. ವನಜದಲ್ಲಿ ಹುಲಿ, ಜಿರಾಫೆ. ಜಲಜವೆಂದರೆ ಮತ್ಸ್ಯಕನ್ಯೆ, ಅಷ್ಟೆ. ಖಜದಲ್ಲಿ ಕಾಮನಬಿಲ್ಲು, ಒಂಟಿಕೊಂಬಿನ ಕುದುರೆ. ಜಾನಪದಾಭಾಸವನ್ನು ವಿವರಿಸುವ ಉತ್ಸಾಹ ಉಳಿದಿಲ್ಲ. ಅದೇ ಬಲೂನು, ಅದೇ ಕಮಾನು, ಬಣ್ಣ ಮಾತ್ರ ಬೇರೆ.

ದ್ರವ್ಯವಿಚಾರದಲ್ಲಿ ಗುಲಾಬಿ ಬಣ್ಣಕ್ಕೆ ಅಗ್ರಸ್ಥಾನ. ಹೆಣ್ಣುಮಗುವಿಗೆ ಗುಲಾಬಿಯೇ ಎಂಬ ವಿಧಿ ಅಪೌರುಷೇಯವೆಂದು ಡೆಕೊರೇಟರುಗಳು ನಂಬಿರುವರಾದರೂ, 1918ರಲ್ಲಿ ಅಮೆರಿಕದ ಮಕ್ಕಳುಡುಪಿನ ವ್ಯಾಪಾರಿ ಪತ್ರಿಕೆಯೊಂದು ಗುಲಾಬಿ ಗಟ್ಟಿ ಬಣ್ಣ, ಅದು ಗಂಡಿಗೆ; ನೀಲಿ ನಾಜೂಕು, ಅದು ಹೆಣ್ಣಿಗೆ ಎಂದು ಅಷ್ಟೇ ಖಚಿತವಾಗಿ ಹೇಳಿತ್ತು. ಅಂದರೆ ಈ ವಿಧಿ ಬಟ್ಟೆ ಅಂಗಡಿಯಲ್ಲಿ ಹುಟ್ಟಿದ್ದು. ಎರಡನೆಯ ದ್ರವ್ಯ ಹೀಲಿಯಂ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್‌ಗೆ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆಯಿಂದ ಇದರ ಚರಿತ್ರೆ ಶುರುವಾಗುತ್ತದೆ. ಇಂದು ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತವನ್ನು ತಣ್ಣಗಿಡುವುದು ಈ ಅನಿಲವೇ. ಒಮ್ಮೆ ಗಾಳಿಗೆ ಬಿಟ್ಟರೆ ಭೂಮಿಯನ್ನೇ ಬಿಟ್ಟುಹೋಗುತ್ತದೆ. ಅದನ್ನು ‘1’ ಎಂಬ ಆಕಾರದ ಚೀಲಕ್ಕೆ ತುಂಬಿ ಎರಡು ಗಂಟೆ ತೇಲಿಸುವುದು ನಮ್ಮ ನಾಗರಿಕತೆಯ ಸಾಧನೆ. ಹಣ ಉಳಿಸುವವರು ಹೈಡ್ರೋಜನ್ ತುಂಬಿಸುತ್ತಾರೆ. ಅದು ಹೊತ್ತಿಕೊಂಡು ಮಕ್ಕಳು ಸುಟ್ಟುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮರುದಿನ ಇನ್ನೊಂದು ಹಾಲಿನಲ್ಲಿ ಅದೇ ಸಿಲಿಂಡರು.

ಈಗ ರಸವಿಚಾರ. ರಸಶಾಸ್ತ್ರದ ಪರಿಭಾಷೆಯಂತೆ ಮಗು ಇಲ್ಲಿ ಆಲಂಬನ ವಿಭಾವ, ಬಲೂನುಗಳು ಉದ್ದೀಪನ ವಿಭಾವ. ನುರಿತ ನಟರಿಗೂ ಎಂಟು ಸಾತ್ವಿಕ ಭಾವಗಳನ್ನು ಒಂದೇ ಪ್ರಯೋಗದಲ್ಲಿ ತೋರಿಸುವುದು ದುಸ್ತರ. ಒಂದು ವರ್ಷದ ಈ ಕಲಾವಿದೆಯಾದರೋ ಫ್ಲ್ಯಾಷ್ ಬೆಳಕಿಗೆ ಸ್ತಂಭ, ನೆಟ್ ಫ್ರಾಕಿನೊಳಗೆ ಸ್ವೇದ, ಹವಾನಿಯಂತ್ರಣಕ್ಕೆ ರೋಮಾಂಚ, ಕಾನ್ಫೆಟ್ಟಿ ಸಿಡಿದಾಗ ವೇಪಥು, ಮೈಕು ಹಿಡಿದ ನಿರೂಪಕ ‘ಜೋರಾಗಿ ಚಪ್ಪಾಳೆ’ ಎಂದು ಕಿರುಚಿದಾಗ ವೈವರ್ಣ್ಯ, ಅಶ್ರು, ಅತ್ತೂ ಅತ್ತೂ ಸ್ವರಭಂಗ, ಕೊನೆಗೆ ಕೇಕ್ ಕತ್ತರಿಸುವ ಘಳಿಗೆಗೆ ಸರಿಯಾಗಿ ಪ್ರಲಯ, ಅಂದರೆ ಗಾಢನಿದ್ರೆ, ಇಷ್ಟನ್ನೂ ಒಂದೂ ಬಿಡದೆ ಪ್ರದರ್ಶಿಸುತ್ತಾಳೆ. ಈ ಪ್ರಲಯ ಶಾಸ್ತ್ರಸಮ್ಮತವೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಈ ವಯಸ್ಸಿನವರಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಟಿವಿ ಮೊಬೈಲುಗಳ ಪರದೆ ಬೇಡವೇ ಬೇಡ. ಹಾಲಿನಲ್ಲಿರುವುದು ಗೋಡೆಯಗಲದ ಎಲ್‌ಇಡಿ ಪರದೆ, ಸಮಾರಂಭ ಶುರುವಾಗುವುದು ಮಗು ಮಲಗುವ ಹೊತ್ತಿಗೆ. ಎರಡು ವರ್ಷ ತುಂಬುವವರೆಗೆ ಸಕ್ಕರೆ ಬೆರೆಸಿದ್ದು ಕೊಡಬೇಡಿ ಎನ್ನುತ್ತಾರೆ ಮಕ್ಕಳ ವೈದ್ಯರು. ಮಗುವಿನ ಎದುರಿಗಿರುವುದು ಮೂರು ಅಂತಸ್ತಿನ ಸಕ್ಕರೆ. ಹೊಸ ಮುಖ ಕಂಡರೆ ಅಳುವುದು, ಅಮ್ಮನ ಮಗ್ಗುಲು ಬಿಡದಿರುವುದು ಈ ವಯಸ್ಸಿನ ಸಹಜ ಬೆಳವಣಿಗೆ. ಅವಳನ್ನು ಸರದಿಯ ಮೇಲೆ ಹೊಸ ಮುಖಗಳ ತೋಳಿಗೆ ದಾಟಿಸಲಾಗುತ್ತದೆ. ಮೂರು ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಯಾರಿಗೂ ನೆನಪಿರುವುದಿಲ್ಲವೆನ್ನಬೇಕು. ಈ ಶೈಶವ ವಿಸ್ಮೃತಿಯನ್ನು ಫ್ರಾಯ್ಡ್ 1905ರಲ್ಲೇ ಗುರುತಿಸಿ ಬರೆದಿದ್ದ. ತಿನ್ನಲಾಗದ್ದು, ನೋಡಬಾರದ್ದು, ನೆನಪಿಡಲಾರದ್ದು ಇಷ್ಟನ್ನು ಕೂಡಿಸಿದ ಮೇಲೆ ಮಗುವಿಗೆ ಫಲಭೋಗ ಸಿದ್ಧಿಸುವುದಿಲ್ಲ. ಯಜಮಾನತ್ವ ಬಿದ್ದುಹೋಯಿತು.

ಪೂರ್ವಪಕ್ಷಿಗಳ ಮೊದಲ ಆಕ್ಷೇಪ: ನೆನಪಿಲ್ಲದಿದ್ದರೇನು, ಫೋಟೊಗಳಿರುತ್ತವಲ್ಲ, ಮುಂದೆ ನೋಡಿ ಖುಷಿಪಡುತ್ತಾಳೆ. ಸರಿ, ಆ ಫೋಟೊಗಳನ್ನೇ ಪ್ರಮಾಣವಾಗಿ ತೆಗೆದುಕೊಳ್ಳೋಣ. ಅವುಗಳ ಅಂಚಿನಲ್ಲಿ ಆಗಾಗ ಒಂದು ಮೊಣಕೈ, ಒಂದು ದುಪಟ್ಟಾದ ತುದಿ ಕಾಣುತ್ತದೆ. ಸಂಜೆಯಿಡೀ ಮಗುವನ್ನು ಎತ್ತಿಕೊಂಡಿದ್ದವಳದು ಅದು. ಅತ್ತಾಗ ಹೊರಗೆ ಒಯ್ದವಳು, ಡೈಪರ್ ಬದಲಿಸಿದವಳು, ಫೋಟೊ ತೆಗೆಯುವಾಗ ‘ನೀನು ಸ್ವಲ್ಪ ಈಚೆ ಬಾ’ ಎನ್ನಿಸಿಕೊಂಡವಳು. ಎಷ್ಟೋ ಕಡೆ ಅವಳೂ ಒಂದು ಹೆಣ್ಣುಮಗುವೇ. ಹದಿನಾಲ್ಕರೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲವೆಂಬ ಆದೇಶ 2006ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ವಯಸ್ಸು ಕೇಳಿದರೆ ಎಲ್ಲರೂ ಹದಿನೆಂಟು ಎನ್ನುತ್ತಾರೆ. ಹೆಣ್ಣುಮಗುವಿನ ಹುಟ್ಟುಹಬ್ಬಕ್ಕೆ ಲಕ್ಷ ಸುರಿಯುವ ಕೈಯೇ ಇನ್ನೊಂದು ಹೆಣ್ಣುಮಗುವನ್ನು ಫೋಟೊದಿಂದ ಕತ್ತರಿಸುತ್ತದೆ, ಎಲ್ಲರ ಊಟ ಮುಗಿದ ಮೇಲೆ ಅವಳ ಕೈಗೊಂದು ತಟ್ಟೆ ಕೊಡುತ್ತದೆ. ಇದಕ್ಕೆ ಯಾವ ಪರಿಭಾಷೆ ಹೊಂದುತ್ತದೋ ವಿದ್ವಾಂಸರು ಹುಡುಕಿಕೊಳ್ಳಲಿ. ಕನ್ನಡದಲ್ಲಿ ಇದನ್ನು ನಾಚಿಕೆಗೇಡು ಎನ್ನುತ್ತಾರೆ.

ಎರಡನೆಯ ಆಕ್ಷೇಪ ತೂಕದ್ದು, ಅದನ್ನು ಅಣಕಿಸುವಂತಿಲ್ಲ. ಹೆಣ್ಣು ಹುಟ್ಟಿದರೆ ಮುಖ ಬಾಡಿಸಿಕೊಳ್ಳುತ್ತಿದ್ದ ಸಮಾಜ ಹೆಣ್ಣಿಗಾಗಿ ಹಬ್ಬ ಮಾಡುತ್ತಿದೆಯಲ್ಲ, ಅದನ್ನೂ ಲೇವಡಿ ಮಾಡಬೇಕೆ? ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1994ರಲ್ಲಿ. 2011ರ ಜನಗಣತಿಯಲ್ಲೂ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 948 ಹೆಣ್ಣು. 2023ರಲ್ಲಿ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಬೆಲ್ಲದ ಕೊಪ್ಪರಿಗೆಗಳ ನಡುವೆ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಇಂಥ ನೆಲದಲ್ಲಿ ಮಗಳ ಹುಟ್ಟನ್ನು ಮೈಕಿನಲ್ಲಿ ಸಾರುವುದು ಒಳ್ಳೆಯದೇ, ಒಪ್ಪೋಣ. ಆದರೆ ಅವಳ ಪಾಲಿನ ಆಸ್ತಿಯ ಮಾತು ಬಂದಾಗ, ಓದಿಗೆ ಬೇರೆ ಊರಿಗೆ ಹೊರಟಾಗ, ಮನಸ್ಸಿಗೆ ಬಂದವನನ್ನು ಮದುವೆಯಾಗುತ್ತೇನೆಂದಾಗ ಇದೇ ನಾನೂರು ಮಂದಿ ಏನೆನ್ನುತ್ತಾರೆ ಎಂಬುದರ ಮೇಲೆ ಆ ಸಾರುವಿಕೆಯ ಬೆಲೆ ನಿಂತಿದೆ. ಕಿರೀಟ ತೊಡಿಸಿ ವೇದಿಕೆಯ ಮೇಲೆ ಕೂರಿಸುವ ಅಭ್ಯಾಸವಂತೂ ಮುಂದಿನ ಇನ್ನೊಂದು ಸಮಾರಂಭಕ್ಕೆ ಪೂರ್ವತಯಾರಿಯಂತಿದೆ. ಆ ದಿನವೂ ಅದೇ ಮಂಟಪ, ಹೆಚ್ಚುಕಡಿಮೆ ಅದೇ ಅತಿಥಿಗಳು, ಭಾರದ ಉಡುಪು, ಮಾತಾಡದೆ ಕೂತ ಹೆಣ್ಣು.

ಮೊದಲ ವರ್ಷಕ್ಕೆ ಅರ್ಥವಿಲ್ಲವೆಂದಲ್ಲ. ಯಾವ ಹುಟ್ಟುಹಬ್ಬಕ್ಕೂ ಇಲ್ಲದಷ್ಟು ಅರ್ಥ ಇದಕ್ಕಿದೆ. 1951ರ ಸುಮಾರಿಗೆ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸುಮಾರು 146 ಸಾಯುತ್ತಿದ್ದವು. ಹುಟ್ಟಿದ್ದೆಲ್ಲ ಹೋಗುತ್ತಿದ್ದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮನೆಂದೋ ತಿಪ್ಪಯ್ಯನೆಂದೋ ಕರೆದು, ಸಾವಿನ ಕಣ್ಣಿಗೆ ಬೇಡದ ವಸ್ತುವಾಗಿಸುತ್ತಿದ್ದರು. ಕೆನ್ನೆಯ ಮೇಲಿನ ಕಪ್ಪು ಬೊಟ್ಟೂ ಆ ಭಯದ್ದೇ. ಎಳೆಕೂಸಿನ ಫೋಟೊ ತೆಗೆಯಬಾರದು, ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದ ಅಜ್ಜಿಯರು ಮೂಢರಿರಬಹುದು, ಆದರೆ ಅವರು ಕೂಸುಗಳನ್ನು ಮಣ್ಣು ಮಾಡಿ ಬಂದವರು. ಆಯುಷ್ಯಹೋಮದಲ್ಲಿ ಮಾರ್ಕಂಡೇಯನನ್ನೂ ಏಳು ಮಂದಿ ಚಿರಂಜೀವಿಗಳನ್ನೂ ಕರೆಯುತ್ತಿದ್ದುದು ಕೂಸಿಗಾಗಿ ಒಂದಿಷ್ಟು ಆಯಸ್ಸನ್ನು ಬೇಡಿಕೊಳ್ಳಲು. (ಹೋಮದ ಹೊಗೆಯೂ ಮಗುವಿನ ಕಣ್ಣಿಗೆ ಹಿತವಲ್ಲ, ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ.) 2020ರ ಹೊತ್ತಿಗೆ ಸಾವಿರಕ್ಕೆ 146 ಇದ್ದದ್ದು 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ. ಇಳಿಸಿದವರು ಯಾರು? ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿದ ನರ್ಸಮ್ಮ, ಮನೆ ಬಾಗಿಲಿಗೆ ಬಂದು ಕೂಸಿನ ತೂಕ ವಿಚಾರಿಸಿದ ಆಶಾ ಕಾರ್ಯಕರ್ತೆ, 1975ರಲ್ಲಿ ತಿ. ನರಸೀಪುರದಿಂದ ರಾಜ್ಯದಲ್ಲಿ ಶುರುವಾದ ಅಂಗನವಾಡಿಗಳ ಟೀಚರುಗಳು. ಗೌರವಧನ ಹೆಚ್ಚಿಸಿ ಎಂದು ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂರುವವರೂ ಇವರೇ. ನಮ್ಮ ಮಂಟಪದ ಅತಿಥಿಗಳ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಮಗು ಬದುಕಿತು ಎಂಬುದೇ ಹಬ್ಬದ ಕಾರಣ. ಬದುಕಿಸಿದ್ದು ಏನು, ಯಾರು ಎಂಬುದಕ್ಕೆ ಯಾವ ಥೀಮೂ ಇಲ್ಲ.

ಕೊನೆಯ ಆಕ್ಷೇಪ ಪ್ರಾಮಾಣಿಕವಾದದ್ದು, ಆದ್ದರಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಎಲ್ಲರ ಮನೆಯ ಸಮಾರಂಭದಲ್ಲಿ ಉಂಡಿದ್ದೇವೆ, ಮುಯ್ಯಿ ತೀರಿಸಬೇಕು. ಇದು ನಿಜವಾದ ಕಾರಣ, ತಕ್ಕ ಕಾರಣವೂ ಹೌದು. ಋಣ ತೀರಿಸುವುದರಲ್ಲಿ ಅವಮಾನವಿಲ್ಲ. ನಮ್ಮ ಸಂಶಯಕ್ಕೂ ಇಲ್ಲೇ ಪರಿಹಾರ ಸಿಗುತ್ತದೆ: ಯಜಮಾನರು ತಂದೆತಾಯಿ, ಫಲ ಋಣಮುಕ್ತಿ. ಹಾಗಿದ್ದರೆ ಆಮಂತ್ರಣದಲ್ಲೂ ಹಾಗೇ ಅಚ್ಚು ಹಾಕಿಸಿ. ಮಗುವನ್ನು ಮನೆಯಲ್ಲಿ ಮಲಗಿಸಿ ಬಂದು ಬಡಿಸಿ. ಇನ್ನು ನಿರ್ಣಯ. ಹುಟ್ಟುಹಬ್ಬದ ಫಲ ಹುಟ್ಟುಹಬ್ಬದವರಿಗೇ ದಕ್ಕಬೇಕೆಂದರೆ ಅವರಿಗೆ ಎಚ್ಚರವಿರಬೇಕು, ಬಂದವರ ಗುರುತಿರಬೇಕು, ಮರುದಿನ ಅದನ್ನು ಇನ್ನೊಬ್ಬರಿಗೆ ಹೇಳಿಕೊಳ್ಳಲು ಬರಬೇಕು. ಈ ಮೂರು ಅರ್ಹತೆಗಳೂ ಉಳ್ಳ ವ್ಯಕ್ತಿ ಅದೇ ಮನೆಯಲ್ಲಿ ಮಗುವಿನ ಮಗ್ಗುಲಲ್ಲೇ ಇದ್ದಾರೆ. ನಾಡಿನ ಎಷ್ಟೋ ಅಜ್ಜಿಯರ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆ ಕಂಡವರಿಗೆ ದಾಖಲಾತಿಯ ದಿನ ಹೆಡ್‌ಮೇಷ್ಟ್ರು ಅಂದಾಜಿನ ಮೇಲೆ ಬರೆದ ಜೂನ್ 1 ಇದೆ, ಶಾಲೆ ಕಾಣದವರಿಗೆ ಅದೂ ಇಲ್ಲ. ಮಳೆ ಹೋದ ವರ್ಷ, ಗಾಂಧಿ ಸತ್ತ ವರ್ಷ ಎಂದು ಲೆಕ್ಕ. ಯಾರೂ ಅವರ ಹೆಸರಿನಲ್ಲಿ ದೀಪ ಹಚ್ಚಿಲ್ಲ. ಆದ್ದರಿಂದ ಹಾಲಿಗೆ ಮುಂಗಡ ಕೊಟ್ಟಾಗಿದೆ, ವಾಪಸು ಬರುವುದಿಲ್ಲ ಎನ್ನುವವರು ಬ್ಯಾನರಿನ ಮೇಲಿನ ಹೆಸರನ್ನಷ್ಟೇ ಬದಲಿಸಲಿ. ಥೀಮ್ ಯಾವುದಿರಲಿ ಎಂದು ಅಜ್ಜಿಯನ್ನೇ ಕೇಳಲಿ. ಅವರಿಗೆ ಬಾಯಿದೆ, ಉತ್ತರ ಕೊಡುತ್ತಾರೆ. ಮೈಕಿನ ಸದ್ದು ತಗ್ಗಿಸಿ ಎಂಬುದೇ ಅವರ ಮೊದಲ ಬೇಡಿಕೆಯಾದರೆ ಬೇಜಾರು ಮಾಡಿಕೊಳ್ಳಬಾರದು.