ತೆರಿಗೆ ಕಾಯ್ದೆಯ ಸಾಹಿತ್ಯ ವಿಮರ್ಶೆ

ಯಾವುದು ಸಾಹಿತ್ಯ, ಯಾವುದು ಅಲ್ಲ ಎಂದು ನವ್ಯರೂ ಬಂಡಾಯದವರೂ ದಶಕಗಟ್ಟಲೆ ಜಗಳವಾಡಿ ಸುಸ್ತಾದರು. ಆದಾಯ ತೆರಿಗೆ ಕಾಯ್ದೆ ಮಾತ್ರ ಒಂದು ತೊಟ್ಟು ಬೆವರು ಹರಿಸದೆ ತೀರ್ಪು ಕೊಟ್ಟಿದೆ. ಅದರ ಒಂದು ಕಲಮಿನಲ್ಲಿ ಪುಸ್ತಕ ಬರೆದವರ ರಾಯಲ್ಟಿಗೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ವಿನಾಯಿತಿ ಉಂಟು. ಆದರೆ ಗೈಡು, ಡೈರಿ, ವ್ಯಾಖ್ಯಾನ, ಶಾಲೆಯ ಪಠ್ಯ, ಪತ್ರಿಕೆ, ಕರಪತ್ರ ಇವು ಯಾವುವೂ ಪುಸ್ತಕವಲ್ಲ. ಹಳಗನ್ನಡ ಕಾವ್ಯಕ್ಕೆ ಆಯುಷ್ಯವೆಲ್ಲ ಟೀಕೆ ಬರೆದವರು ಪಂಡಿತರೆನಿಸಿಕೊಳ್ಳಬಹುದು, ಈ ಪಂಕ್ತಿಯಲ್ಲಿ ಮಾತ್ರ ಎಲೆಯಿಲ್ಲ. ಲಲಿತ ಪ್ರಬಂಧವೂ ಪತ್ರಿಕೆಯಲ್ಲಿರುವಷ್ಟು ದಿನ ಲೆಕ್ಕಕ್ಕಿಲ್ಲ. ಸಂಕಲನವಾಗಿ ರಟ್ಟು ಹೊದ್ದ ಮೇಲೆಯೇ ಅದಕ್ಕೆ ಮೋಕ್ಷ. ಅಂದರೆ ಕಾಯ್ದೆ ನೋಡುವುದು ಬರಹವನ್ನಲ್ಲ, ಬೈಂಡಿಂಗನ್ನು.

ಖರ್ಚಿಗೆ ಬಂದರೆ ವಿಮರ್ಶೆ ಇನ್ನೂ ಸೂಕ್ಷ್ಮ. ವಕೀಲರು, ಡಾಕ್ಟರುಗಳಂಥ ಕೆಲವರು ಇನ್ನೊಂದು ಕಲಮಿನಡಿ 50 ಲಕ್ಷದೊಳಗಿನ ವರಮಾನದಲ್ಲಿ ಅರ್ಧವನ್ನೇ ಲಾಭವೆಂದು ತೋರಿಸಿದರೆ ಸಾಕು, ಉಳಿದರ್ಧಕ್ಕೆ ಯಾರೂ ರಸೀದಿ ಕೇಳುವುದಿಲ್ಲ. ಈ ಪಟ್ಟಿಯಲ್ಲಿ ಸಿನಿಮಾ ಕತೆಗಾರ, ಸಂಭಾಷಣೆಕಾರ, ಗೀತರಚನೆಕಾರ ಇದ್ದಾರೆ. ಕವಿಯ ಹೆಸರಿಲ್ಲ, ಅಂಕಣಕಾರನ ಹೆಸರೂ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎಂದು ಯಾವ ಆಡಿಟರಾದರೂ ಹೇಳಿಯಾರು. ಎಳೆಯಲಿ. ಆದರೆ ಒಂದೇ ಪದ್ಯ ನಾಯಕಿಯ ಬಾಯಿಗೆ ಹೋದರೆ ಅರ್ಧ ಖರ್ಚು, ವಿಶೇಷಾಂಕಕ್ಕೆ ಹೋದರೆ ಬಿಲ್ಲು ತನ್ನಿ ಎಂದರೆ, ಗೆರೆ ಬಿದ್ದದ್ದು ಬರೆದವನ ದುಡಿಮೆಯ ಮೇಲಲ್ಲ, ಕೊಂಡವನ ಅಂಗಡಿಯ ಮೇಲೆ. ಆ ಬಿಲ್ಲಾದರೂ ಬರೀ ವೃತ್ತಿಗೆಂದೇ ಮಾಡಿದ ಖರ್ಚಿನದಾಗಿರಬೇಕು. ಫ್ಯಾನು ಲೇಖಕನ ಮೇಲೂ ಬೀಸುತ್ತದೆ, ಅವನ ಅತ್ತೆಯ ಮೇಲೂ; ಗಾಳಿಯನ್ನು ಪಾಲು ಮಾಡುವುದು ಹೇಗೆ? ಸವಕಳಿಯ ಲೆಕ್ಕವಂತೂ ರಸವತ್ತಾದದ್ದು. ವೃತ್ತಿಗೆ ಕೊಂಡ ಪುಸ್ತಕ ವರ್ಷಕ್ಕೆ ಶೇಕಡಾ 40 ಸವೆಯುತ್ತದೆ, ಪೀಠೋಪಕರಣ ಶೇಕಡಾ 10. ಮೂರು ವರ್ಷದಲ್ಲಿ ಸಾವಿರ ರೂಪಾಯಿಯ ಕುಮಾರವ್ಯಾಸ ಭಾರತ 216 ರೂಪಾಯಿಗೆ ಇಳಿದರೆ, ಅದನ್ನಿಟ್ಟ ಸಾವಿರ ರೂಪಾಯಿಯ ಬೀರು 729ರಲ್ಲಿ ಗಟ್ಟಿಯಾಗಿ ನಿಂತಿರುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಕನ್ನಡದ ಲೇಖಕನಿಗೆ ಇದೆಲ್ಲ ಯಾಕೆ ಎಂಬುದು ನಿಜವಾಗಿ ಉತ್ತರಿಸಬೇಕಾದ ಪ್ರಶ್ನೆ. ಕೇಳುವ ದನಿಯಲ್ಲಿ ಸ್ವಲ್ಪ ಚುಚ್ಚೂ ಇದೆ. ತೆರಿಗೆ ಇಲ್ಲದಿರಬಹುದು, ಟಿಡಿಎಸ್ ಇದೆ. ಒಬ್ಬರೇ ವರ್ಷದಲ್ಲಿ 50,000 ದಾಟಿಸಿ ಕೊಟ್ಟರೆ ಶೇಕಡಾ 10 ಹಿಡಿದೇ ಕೊಡುತ್ತಾರೆ. ಕನ್ನಡದಲ್ಲಿ ಅಷ್ಟು ಸಂಭಾವನೆ ಬಂದದ್ದಕ್ಕೆ ಸನ್ಮಾನವೇ ಮಾಡಬಹುದು, ಆದರೆ ಹಿಡಿದದ್ದು ವಾಪಸು ಬರಬೇಕಾದರೆ ರಿಟರ್ನ್ಸ್ ತುಂಬಲೇಬೇಕು. ಮೇಲಾಗಿ ಹೊಸ ಪದ್ಧತಿಗೆ ಹೋದವರಿಗೆ ಆ 3 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಸಂಬಳದವರು ಹಳತು ಹೊಸತನ್ನು ವರ್ಷವರ್ಷವೂ ಬದಲಿಸಿಕೊಳ್ಳಬಹುದು. ವೃತ್ತಿಯ ಆದಾಯದವರು ಹಳೆಯದನ್ನು ಆರಿಸಿ ಒಮ್ಮೆ ಹೊಸದಕ್ಕೆ ಮರಳಿದರೆ ಆ ಆದಾಯ ಇರುವತನಕ ಹಿಂದಿರುಗುವಂತಿಲ್ಲ. ಮುಂದಿನ ಕಾದಂಬರಿ ಎಷ್ಟು ಪ್ರತಿ ಹೋಗುತ್ತದೆಂದು ಈಗಲೇ ಬಲ್ಲವರಿಗೆ ಈ ಆಯ್ಕೆ ಸುಲಭ. ಅಷ್ಟು ಬಲ್ಲವರು ಸಾಮಾನ್ಯವಾಗಿ ಕಾದಂಬರಿ ಬರೆಯುವುದಿಲ್ಲ.